ಪುಸ್ತಕದಲ್ಲಿಲ್ಲದ ಪಾಠ

ಕೆಲವು ವರ್ಷಗಳ ಹಿಂದೆ, ಜೂನ್ 5ರಂದು, ವಿಶ್ವ ಪರಿಸರ ದಿನದ ಭಾಷಣಕ್ಕೆಂದು ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ಬುಡದ ಶಾಲೆಯೊಂದಕ್ಕೆ ನನ್ನನ್ನು ಕರೆದಿದ್ದರು. ನಾನು ತಲುಪುವಾಗ ಪ್ರಾರ್ಥನೆ ಮುಗಿದಿತ್ತು. ಗೇಟಿನ ಬಳಿ ಏಳೆಂಟು ಮಕ್ಕಳು ಬಗ್ಗಿಕೊಂಡು ಕಾಗದದ ಚೂರು, ಚಾಕಲೇಟಿನ ಸಿಪ್ಪೆ ಹೆಕ್ಕುತ್ತಿದ್ದರು. ಅವರ ಬಟ್ಟೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು, ಕೊಡೆಗಳು ಗೋಡೆಗೊರಗಿದ್ದವು. ಅತಿಥಿಗಳು ಬರುವ ದಿನವಾದ್ದರಿಂದ ಮಕ್ಕಳು ಶ್ರಮದಾನ ಮಾಡುತ್ತಿದ್ದಾರೆಂದು ತಿಳಿದು ನಾನು ಮೆಚ್ಚುಗೆಯಿಂದ ಒಬ್ಬ ಹುಡುಗನ ಬೆನ್ನು ತಟ್ಟಿದೆ. ಆತ ತಲೆ ತಗ್ಗಿಸಿ, “ನಾವು ಲೇಟು ಸರ್” ಎಂದ.

ಬಳಿಕ ನಾನು ವೇದಿಕೆಯೇರಿ ಅರ್ಧ ಗಂಟೆ ಮಾತನಾಡಿದೆ. ಭೂಮಿಯನ್ನು ಶುಚಿಯಾಗಿಡುವುದು ಎಷ್ಟು ಹಿರಿದಾದ ಕರ್ತವ್ಯವೆಂದು ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ವರ್ಷ ಗಿಡ ನೆಟ್ಟ ಹೊಂಡದಲ್ಲಿಯೇ ಈ ವರ್ಷವೂ ಒಂದು ಗಿಡ ನೆಟ್ಟು, ಫೋಟೋ ತೆಗೆಸಿಕೊಂಡು, ಚಹಾ ಕುಡಿದು ಮರಳಿದೆ. ಬಸ್ಸಿನಲ್ಲಿ ಕುಳಿತಾಗ ಮಾತ್ರ ಆ ಹುಡುಗನ ಮಾತು ಮನಸ್ಸನ್ನು ಚುಚ್ಚತೊಡಗಿತು. ಆ ದಿನ ಆ ಶಾಲೆಯಲ್ಲಿ ಪರಿಸರದ ಕುರಿತು ಎರಡು ಪಾಠಗಳು ನಡೆದಿದ್ದವು. ಒಂದನ್ನು ನಾನು ಧ್ವನಿವರ್ಧಕದಲ್ಲಿ ಮಾಡಿದ್ದೆ; ಇನ್ನೊಂದನ್ನು ಗೇಟಿನ ಬಳಿ ಯಾರೂ ಬಾಯಿ ತೆರೆಯದೆಯೇ ಮಾಡಿ ಮುಗಿಸಿದ್ದರು. ಕಸ ಹೆಕ್ಕುವುದು ತಪ್ಪು ಮಾಡಿದವರ ಕೆಲಸ ಎಂಬುದು ಆ ಎರಡನೆಯ ಪಾಠ. ನನ್ನ ಭಾಷಣ ಮಕ್ಕಳಿಗೆ ಮರುದಿನವೇ ಮರೆತಿರಬಹುದು, ಆದರೆ ಎರಡನೆಯ ಪಾಠವನ್ನು ಅವರು ಮರೆಯುವ ಸಂಭವವಿಲ್ಲ.

ಶಾಲೆಗೆ ಪಠ್ಯಕ್ರಮವೊಂದಿದೆ, ಅದನ್ನು ಸರಕಾರ ರೂಪಿಸುತ್ತದೆ, ಬದಲಿಸುತ್ತದೆ, ಅದರ ಮೇಲೆ ವಿಧಾನಸಭೆಯಲ್ಲಿ ಜಗಳಗಳೂ ಆಗುತ್ತವೆ. ಅದರ ಜೊತೆಗೆ ಯಾರೂ ಬರೆಯದ, ಯಾರೂ ಜಗಳವಾಡದ ಇನ್ನೊಂದು ಪಠ್ಯಕ್ರಮವೂ ಇದೆ. ಅಮೆರಿಕದ ಶಿಕ್ಷಣ ಚಿಂತಕ ಫಿಲಿಪ್ ಜಾಕ್ಸನ್ 1968ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಇದನ್ನು ‘ಗುಪ್ತ ಪಠ್ಯಕ್ರಮ’ ಎಂದು ಕರೆದ. ಗುಂಪಿನಲ್ಲಿ ಕಾಯುವುದು, ಸದಾ ಇತರರ ಹೊಗಳಿಕೆ ತೆಗಳಿಕೆಗಳಿಗೆ ಒಡ್ಡಿಕೊಂಡಿರುವುದು, ಅಧಿಕಾರವಿದ್ದವರ ಮುಂದೆ ಅಧಿಕಾರವಿಲ್ಲದವನಾಗಿ ಬದುಕುವುದು, ಇವು ಮಗು ತರಗತಿಯ ಕೋಣೆಯಲ್ಲಿ ದಿನವೂ ಕಲಿಯುವ ಸಂಗತಿಗಳೆಂದು ಆತ ಗುರುತಿಸಿದ. ಷಿಕಾಗೋದ ಪ್ರಾಧ್ಯಾಪಕನ ಮಾತು ನಮಗೇಕೆ ಎನ್ನುವವರು ಡಾ. ಅಂಬೇಡ್ಕರರ ಬಾಲ್ಯವನ್ನು ನೆನೆಯಬಹುದು. ಸಾತಾರೆಯ ಶಾಲೆಯಲ್ಲಿ ಆ ಬಾಲಕ ಮನೆಯಿಂದ ತಂದ ಗೋಣಿಚೀಲದ ಮೇಲೆ ಬೇರೆಯಾಗಿ ಕುಳಿತುಕೊಳ್ಳಬೇಕಾಗಿತ್ತು. ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು, ಜವಾನ ಬಾರದ ದಿನ ಬಾಯಾರಿಕೆ. ಅಂದಿನ ಪಠ್ಯಪುಸ್ತಕದ ಯಾವ ಪುಟದಲ್ಲಿಯೂ ಅದನ್ನು ಬರೆದಿರಲಿಲ್ಲ. ಆದರೆ ಆ ಕೋಣೆಯಲ್ಲಿದ್ದ ಪ್ರತಿಯೊಂದು ಮಗುವೂ ಅದನ್ನು ಕಂಠಪಾಠ ಮಾಡಿಕೊಂಡಿತ್ತು.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಶಾಲೆಗಳಲ್ಲಿ ಇಂದು ಮೌನವಾಗಿ ನಡೆಯುತ್ತಿರುವ ಪಾಠಗಳು ಯಾವುವು?

ತಡವಾಗಿ ಬಂದವರಿಂದಲೇ ಆರಂಭಿಸೋಣ. ಶಾಲೆಗೆ ತಡವಾಗಿ ಬರುವ ಮಗು ಯಾವುದು? ರಸ್ತೆಯ ಬದಿಯಲ್ಲಿ ಮನೆಯಿರುವ ಮಗುವಲ್ಲ, ಹಳದಿ ವ್ಯಾನಿನಲ್ಲಿ ಬರುವ ಮಗುವೂ ಅಲ್ಲ. ಎರಡು ಗುಡ್ಡೆ ಇಳಿದು, ಒಂದು ತೋಡು ದಾಟಿ, ಮಳೆ ಹೆಚ್ಚಿದ ದಿನ ಅಡಿಕೆ ಮರದ ಕಾಲುಸಂಕದ ಮೇಲೆ ಉಸಿರು ಬಿಗಿಹಿಡಿದು ಬರುವ ಮಗು ಅದು. ನಮ್ಮ ನೆರೆಯ ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ 2022ರ ಆಗಸ್ಟ್‌ನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದುದನ್ನು ನಾವು ಮರೆತಿಲ್ಲ. ಅಂತಹ ದಾರಿಯನ್ನು ದಾಟಿ ಬಂದ ಮಗುವಿಗೆ ಶಾಲೆ ಹೇಳಬೇಕಾದ ಮೊದಲ ಮಾತು “ಬಂದೆಯಾ ಮಗೂ” ಎಂಬುದು. ನಾವು ಹೇಳುವುದು “ಹೊರಗೆ ನಿಲ್ಲು.” ದೂರದ ಮನೆ ತನ್ನ ತಪ್ಪು, ಹೊಳೆ ತನ್ನ ತಪ್ಪು, ಮಳೆ ತನ್ನ ತಪ್ಪು ಎಂದು ಆ ಮಗು ಕಲಿಯುತ್ತದೆ. ಹತ್ತು ವರ್ಷ ಹೀಗೆ ಕಲಿತವನು ಮುಂದೆ ಪಂಚಾಯಿತಿಯಲ್ಲಿ ಎದ್ದು ನಿಂತು “ನಮ್ಮ ತೋಡಿಗೆ ಸಂಕ ಎಲ್ಲಿ?” ಎಂದು ಕೇಳಿಯಾನೆ? ದೂರದಲ್ಲಿ ಮನೆ ಕಟ್ಟಿಕೊಂಡ ತನ್ನ ಅಪ್ಪನನ್ನು ಬೈಯುತ್ತಾನೆ, ಪೇಟೆಯಲ್ಲಿ ಬಾಡಿಗೆ ಕೋಣೆ ಹುಡುಕುತ್ತಾನೆ.

ಇನ್ನೊಂದು ಮಾತು ನನಗೆ ಸ್ವಂತ ಅನುಭವದ್ದು. ನಾನು ಆರನೆಯ ತರಗತಿಯಲ್ಲಿದ್ದಾಗ ಲೆಕ್ಕ ತಪ್ಪಿದ್ದಕ್ಕೆ ಮಾಸ್ತರರೊಬ್ಬರು “ನೀನು ದನ ಕಾಯಲಿಕ್ಕೇ ಸರಿ” ಎಂದರು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ನಗದಿದ್ದರೆ ಅವಮಾನ ಇನ್ನೂ ಹೆಚ್ಚಾಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ದನ ಕಾಯುತ್ತಿದ್ದವರು ನನ್ನ ಅಜ್ಜ. ಯಾವ ದನ ಯಾವ ಸೊಪ್ಪಿಗೆ ಬಾಯಿ ಹಾಕುತ್ತದೆ, ಯಾವುದನ್ನು ಮುಟ್ಟುವುದಿಲ್ಲ, ಮುಟ್ಟಬಾರದ್ದನ್ನು ತಿಂದರೆ ಏನು ಕುಡಿಸಬೇಕು, ಗುಡ್ಡೆಯ ಯಾವ ಮಗ್ಗುಲಲ್ಲಿ ಮಾರ್ಚ್ ತಿಂಗಳಿನಲ್ಲಿಯೂ ಹಸಿರು ಹುಲ್ಲು ಉಳಿದಿರುತ್ತದೆ ಎಂಬುದೆಲ್ಲ ಅವರಿಗೆ ತಿಳಿದಿತ್ತು. ಆ ಸಂಜೆ ಅಜ್ಜ ನನ್ನನ್ನು ಎಂದಿನಂತೆ ಗುಡ್ಡೆಗೆ ಕರೆದರು. ಓದಲಿಕ್ಕಿದೆಯೆಂದು ಸುಳ್ಳು ಹೇಳಿದೆ. ಆ ಬಳಿಕ ನಾನು ಅವರ ಜೊತೆ ಹೋದದ್ದು ಕಡಿಮೆ. ಅಜ್ಜ ತೀರಿಕೊಂಡಾಗ ಅವರೊಂದಿಗೆ ಒಂದು ಗುಡ್ಡೆಯಷ್ಟು ವಿದ್ಯೆಯೂ ಹೋಯಿತು. ಅದನ್ನು ನಾನು ಕಳೆದುಕೊಂಡದ್ದು ಒಂದು ವಾಕ್ಯದಿಂದ. ಮಾಸ್ತರರು ಕೆಟ್ಟವರಾಗಿರಲಿಲ್ಲ, ಬಡ ಮಕ್ಕಳಿಗೆ ತಮ್ಮ ಸಂಬಳದಿಂದ ಪುಸ್ತಕ ಕೊಡಿಸಿದವರು. ಆ ವಾಕ್ಯವನ್ನು ಅವರಿಗೂ ಅವರ ಶಾಲೆಯೇ ಕಲಿಸಿತ್ತು.

ಇಂದು ಮಾಸ್ತರರು ಹಾಗೆ ಬೈಯುವುದು ಕಡಿಮೆಯಾಗಿರಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಅದೇ ಮಾತನ್ನು ಈಗ ಮನೆಯವರೇ ಹೇಳುತ್ತಿದ್ದಾರೆ. ಬೀಡಿ ಕಟ್ಟುವ ತಾಯಿ “ಓದದಿದ್ದರೆ ನನ್ನ ಹಾಗೆ ಎಲೆ ಕತ್ತರಿಸುತ್ತಾ ಕೂರಬೇಕಾದೀತು” ಎನ್ನುತ್ತಾಳೆ. ತೋಟದ ತಂದೆ “ನಿನಗೆ ಈ ಮದ್ದು ಬಿಡುವ ಕೆಲಸ ಬೇಡ” ಎನ್ನುತ್ತಾನೆ. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಬೀಡಿಯ ಸೂಪಿನ ಮೇಲೆ ಬೆಳೆದ ಮನೆಗಳೆಷ್ಟು, ಬೀಡಿಯ ಮಜೂರಿಯಿಂದ ಪದವಿ ಪಡೆದ ಹೆಣ್ಣುಮಕ್ಕಳೆಷ್ಟು ಎಂಬುದನ್ನು ಬಲ್ಲವರು ಆ ತಾಯಿಯನ್ನು ದೂರುವಂತಿಲ್ಲ. ಬೆನ್ನು ನೋವು, ಕೆಮ್ಮು, ಕೂಲಿಯ ಅನ್ಯಾಯ ಇವೆಲ್ಲ ನಿಜ. ಮಗಳು ಅದರಿಂದ ಪಾರಾಗಲಿ ಎಂಬುದು ನ್ಯಾಯವಾದ ಆಸೆ. ಆದರೆ ಶಾಲೆ ಇಲ್ಲಿ ಒಂದು ಸೂಕ್ಷ್ಮವನ್ನು ಕಲಿಸಬೇಕಾಗಿತ್ತು. ಕೆಲಸದಲ್ಲಿ ಅವಮಾನವಿಲ್ಲ, ಕೂಲಿಯಲ್ಲಿದೆ. ತಾಯಿಯ ಬೆರಳಿನ ಚುರುಕಿನಲ್ಲಿ ನಾಚಿಕೆಪಡುವಂತಹದ್ದೇನಿಲ್ಲ, ಅವಳಿಗೆ ಸಲ್ಲಬೇಕಾದುದು ಸಲ್ಲದಿರುವುದೇ ನಾಚಿಕೆಗೇಡು. ಈ ವ್ಯತ್ಯಾಸವನ್ನು ಹೇಳುವ ಪುಟ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇದ್ದರೂ, ಪೋಷಕರ ಸಭೆಯಲ್ಲಿ ಕಾರಿನಿಂದಿಳಿದ ತಂದೆಗೆ ಕುರ್ಚಿ, ಬೀಡಿಯ ತಾಯಿಗೆ ಜಗಲಿ ಎಂದಾದರೆ ಆ ಪುಟದಿಂದ ಏನು ಪ್ರಯೋಜನ?

ಭಾಷೆಯ ವಿಷಯದಲ್ಲಿ ನಮ್ಮ ತಲೆಮಾರಿನವರೂ ತಪ್ಪಿತಸ್ಥರು. ಇಂದು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಕನ್ನಡ ಮಾತನಾಡಿದ ಮಕ್ಕಳಿಗೆ ದಂಡ ಹಾಕುತ್ತಾರೆಂದು ನಾವು ಸಭೆಗಳಲ್ಲಿ ದುಃಖಿಸುತ್ತೇವೆ. ಆದರೆ ನಮ್ಮ ಕಾಲದ ಅಚ್ಚ ಕನ್ನಡ ಶಾಲೆಗಳಲ್ಲಿ ತುಳು ಮಾತನಾಡಿದವರ ಹೆಸರನ್ನು ತರಗತಿಯ ನಾಯಕ ಚೀಟಿಯಲ್ಲಿ ಬರೆದು ಕೊಡುತ್ತಿದ್ದ. ಬ್ಯಾರಿ ಮಾತಿನ ಹುಡುಗ, ಕೊಂಕಣಿ ಮಾತಿನ ಹುಡುಗಿ, ಮಲೆಕುಡಿಯರ ಮಗು ಇವರೆಲ್ಲರೂ ಶಾಲೆಯ ಮೆಟ್ಟಿಲ ಮೇಲೆ ಚಪ್ಪಲಿಯ ಜೊತೆಗೆ ನಾಲಗೆಯನ್ನೂ ಕಳಚಿಟ್ಟು ಒಳಗೆ ಬರಬೇಕಾಗಿತ್ತು. ಕನ್ನಡ ನಮಗೆ ಲೋಕವನ್ನು ತೆರೆದುಕೊಟ್ಟಿತು, ಈ ಲೇಖನವನ್ನೂ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಆದರೂ ಒಂದು ಭಾಷೆ ಮೇಲು, ಒಂದು ಕೀಳು ಎಂಬ ಪಾಠವನ್ನು ಒಮ್ಮೆ ಕಲಿಸಿದ ಮೇಲೆ ಮೇಲಿನ ಜಾಗದಲ್ಲಿ ಯಾರು ಕೂರಬೇಕೆಂಬುದು ಕಾಲಕಾಲಕ್ಕೆ ಬದಲಾಗುತ್ತಲೇ ಇರುತ್ತದೆ. ಅಂದು ಕನ್ನಡ ಕುಳಿತಿತ್ತು, ಇಂದು ಇಂಗ್ಲಿಷ್ ಕುಳಿತಿದೆ. 2019ರಲ್ಲಿ ಸರಕಾರವೇ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು. ತುಳುವನ್ನು ಶಾಲೆಯಲ್ಲಿ ತೃತೀಯ ಭಾಷೆಯಾಗಿ ಕಲಿಯುವ ಅವಕಾಶ 2010ರ ಸುಮಾರಿಗೆ ದೊರೆತದ್ದು ಸಂತೋಷದ ಸಂಗತಿ. ಆದರೆ ಪರೀಕ್ಷೆಗೆ ತುಳು ಬರೆಯುವುದು ಬೇರೆ, ಜಗಲಿಯಲ್ಲಿ ತುಳು ಮಾತನಾಡಿದರೆ ಯಾರೂ ತಿರುಗಿ ನೋಡದಿರುವುದು ಬೇರೆ.

ಇದೇ ಬಂಟ್ವಾಳದಲ್ಲಿ 1874ರಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದರು. ಶಿಕ್ಷಕರಾಗಿ, ಶಾಲೆಗಳ ತನಿಖಾಧಿಕಾರಿಯಾಗಿ ದುಡಿದ ಅವರು ಮಕ್ಕಳಿಗಾಗಿ ಬರೆಯಲು ಕುಳಿತಾಗ ಆರಿಸಿಕೊಂಡದ್ದು ನಮ್ಮ ಕಡಲ ಕಡೆಯಿಂದ ಬೀಸುವ ತೆಂಕಣ ಗಾಳಿಯನ್ನು, ಹಿತ್ತಲಲ್ಲಿ ಹೆಡೆಯೆತ್ತುವ ನಾಗರ ಹಾವನ್ನು. ಮಗು ಮನೆಯಲ್ಲಿ ಕಂಡದ್ದು ಪುಸ್ತಕದಲ್ಲಿಯೂ ಕಾಣಿಸಿಕೊಂಡಾಗ, ತನ್ನ ಮನೆಯೂ ಪುಸ್ತಕಕ್ಕೆ ತಕ್ಕದ್ದು ಎಂಬ ಹೇಳದ ಪಾಠವೊಂದು ಅದಕ್ಕೆ ಸಿಗುತ್ತದೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗಗಳ ಹಿಂದೆಯೂ ಇದ್ದದ್ದು ಮಗುವಿನ ಕಣ್ಣಿನ ಮೇಲಿನ ಈ ನಂಬಿಕೆಯೇ. ಗುಪ್ತ ಪಠ್ಯಕ್ರಮವೆಂದರೆ ಕೆಟ್ಟದ್ದೇ ಆಗಿರಬೇಕೆಂದಿಲ್ಲ.

ಆ ಮಾತನ್ನು ಒತ್ತಿ ಹೇಳಬೇಕು. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಅಲ್ಲಿ ಕಲಿಸಿದ ಅಕ್ಷರಕ್ಕಿಂತ ದೊಡ್ಡ ಪಾಠ ಆ ಶಾಲೆ ತೆರೆದಿತ್ತು ಎಂಬುದೇ ಆಗಿತ್ತು. ಸ್ವಂತ ಸಮಾಜದವರು ಅವರಿಗೆ ಬಹಿಷ್ಕಾರ ಹಾಕಿದ್ದು ಅದಕ್ಕಾಗಿಯೇ. ನಮ್ಮೂರಿನ ಸರಕಾರಿ ಶಾಲೆಯ ಒಂದೇ ಬೆಂಚಿನಲ್ಲಿ ಗುತ್ತಿನ ಮನೆಯ ಹುಡುಗನೂ ಗದ್ದೆಗೆ ಕೂಲಿಗೆ ಬರುತ್ತಿದ್ದವರ ಹುಡುಗನೂ ಕುಳಿತರು. ಬೇರೆಲ್ಲಿಯೂ ಅವರಿಬ್ಬರು ಹಾಗೆ ಕೂರುವ ಜಾಗವಿರಲಿಲ್ಲ. 2002-03ರಲ್ಲಿ ಆರಂಭವಾದ ಅಕ್ಷರ ದಾಸೋಹದ ಸಾಲಿನಲ್ಲಿ ಎಲ್ಲರೂ ಒಂದೇ ಅನ್ನ ಉಂಡರು. ಶಾಲೆಯನ್ನು ಟೀಕಿಸುವ ನಾವು ಇದನ್ನು ಮರೆತರೆ ಕೃತಘ್ನರಾಗುತ್ತೇವೆ. ಆ ಬೆಂಚು ಈಗ ಮುರಿಯುತ್ತಿದೆ ಎಂಬುದೇ ನನ್ನ ಭಯ. ಅನುಕೂಲವಿದ್ದವರ ಮಕ್ಕಳು ವ್ಯಾನು ಹತ್ತಿ ಹೋದರು. ಒಂದು ಧರ್ಮದವರ ಶಾಲೆ, ಇನ್ನೊಂದು ಧರ್ಮದವರ ಶಾಲೆ ಎಂದು ಆಡಳಿತ ಮಂಡಳಿಗಳ ಹೆಸರಿನಲ್ಲಿ ಮಕ್ಕಳು ಹಂಚಿಹೋದರು. ನೆರೆಮನೆಯ ಮಗುವಿನ ಹೆಸರನ್ನೇ ತಿಳಿಯದೆ ಹತ್ತು ವರ್ಷ ಓದಿ ಮುಗಿಸಬಹುದಾದ ಸ್ಥಿತಿ ಈಗ ಕರಾವಳಿಯಲ್ಲಿದೆ. ಅಂತಹ ಮಗು ಪರಸ್ಪರ ಸೌಹಾರ್ದದ ಪ್ರಬಂಧಕ್ಕೆ ಹತ್ತಕ್ಕೆ ಹತ್ತು ಅಂಕ ಪಡೆಯಬಹುದು. ಆದರೆ 2022ರಲ್ಲಿ ಉಡುಪಿಯಲ್ಲಿ ಆರಂಭವಾದ ತಲೆವಸ್ತ್ರದ ವಿವಾದದ ದಿನಗಳಲ್ಲಿ ಗೇಟಿನ ಒಳಗೂ ಹೊರಗೂ ನಿಂತ ಮಕ್ಕಳು ಒಬ್ಬರನ್ನೊಬ್ಬರು ನೋಡಿದ ನೋಟ ಯಾವ ಪ್ರಬಂಧದಲ್ಲಿ ಕಲಿತದ್ದು?

ಪೊರಕೆಯ ಪಾಠವನ್ನು ಬಿಡುವಂತಿಲ್ಲ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ 2023ರ ಡಿಸೆಂಬರ್‌ನಲ್ಲಿ ಹೊರಬಂದಾಗ ರಾಜ್ಯವೇ ಬೆಚ್ಚಿತು, ಸಂಬಂಧಪಟ್ಟವರು ಅಮಾನತುಗೊಂಡರು. ಅದು ಅಪರಾಧ, ಅದಕ್ಕೆ ಶಿಕ್ಷೆಯೇ ಉತ್ತರ. ಆದರೆ ಅದರ ಬಳಿಕ ಕೇಳಿಬಂದ ಇನ್ನೊಂದು ಮಾತು, ‘ಮಕ್ಕಳು ಪೊರಕೆಯನ್ನೇ ಮುಟ್ಟಬಾರದು’ ಎಂಬುದು, ನನಗೆ ಒಪ್ಪಿಗೆಯಿಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮನ್ನು ಮುಂದಿಟ್ಟಾಗ ಕೈಗೆಲಸವನ್ನು ಶಿಕ್ಷಣದ ನಡುವಿನಲ್ಲಿಟ್ಟರು. ಪೊರಕೆ ಯಾರ ಕೈಗೆ ಬರುತ್ತದೆ ಎಂಬುದರ ಮೇಲೆ ಪಾಠ ನಿಂತಿದೆ. ಸರದಿಯಂತೆ ಎಲ್ಲರ ಕೈಗೂ, ಹುಡುಗರ ಕೈಗೂ, ಮುಖ್ಯೋಪಾಧ್ಯಾಯರ ಕೈಗೂ ಬಂದರೆ ಅದೊಂದು ಪಾಠ. ಹುಡುಗಿಯರು ಗುಡಿಸುವುದು, ಹುಡುಗರು ಬೆಂಚು ಎತ್ತುವುದು, ಅತಿಥಿ ಬಂದಾಗ ಆರತಿಯ ತಟ್ಟೆ ಬಿಳಿ ಮೈಬಣ್ಣದ ಹುಡುಗಿಗೆ, ತಡವಾದವರಿಗೆ ಕಸ ಎಂದಾದರೆ ಅದು ಬೇರೆಯೇ ಪಾಠ. ನಮ್ಮ ಜಿಲ್ಲೆಯ ಕೆಲವು ಸರಕಾರಿ ಶಾಲೆಗಳಲ್ಲಿ ಊರವರೂ ಶಿಕ್ಷಕರೂ ಸೇರಿ ಅಡಿಕೆ ತೋಟ, ತರಕಾರಿ ತೋಟ ಎಬ್ಬಿಸಿದ್ದಾರೆ. ಮಧ್ಯಾಹ್ನದ ಸಾರಿಗೆ ಅಲ್ಲಿನ ಬಸಳೆ, ಬದನೆ ಬೀಳುತ್ತವೆ. ತಾನು ನೀರೆರೆದ ಬದನೆಯನ್ನು ತಾನೇ ಉಣ್ಣುವ ಮಗುವಿಗೆ ಯಾವ ಭಾಷಣಕಾರನೂ ಬೇಕಾಗಿಲ್ಲ, ನಾನಂತೂ ಬೇಡವೇ ಬೇಡ.

ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿಯೇ ಹೇಳಿತು. ಅಂದಿನಿಂದ ಪುಸ್ತಕಗಳು ಬಂದವು, ಅಂಕಗಳೂ ಬಂದವು. ‘ನೀರಿನ ಮೂಲಗಳು ಯಾವುವು?’ ಎಂಬ ಪ್ರಶ್ನೆಗೆ ಬಾವಿ, ಕೆರೆ, ನದಿ, ಮಳೆ ಎಂದು ಬರೆದರೆ ಪೂರ್ಣಾಂಕ. ಬಂಟ್ವಾಳ ತಾಲ್ಲೂಕಿನ ಮಾಣಿಲದ ಕಡೆಯ ಮಗು ಮನೆಯಲ್ಲಿ ದಿನವೂ ಕುಡಿಯುವುದು ಸುರಂಗದ ನೀರು. ಗುಡ್ಡೆಯ ಹೊಟ್ಟೆಯೊಳಕ್ಕೆ ಅಡ್ಡಲಾಗಿ ಕೊರೆದ ಆ ಕಿರುದಾರಿಯಿಂದ ವಿದ್ಯುತ್ತಿಲ್ಲದೆ, ಪಂಪಿಲ್ಲದೆ, ನೂಲಿನಂತೆ ನೀರು ಹರಿದು ಬರುತ್ತದೆ. ಮಗು ‘ಸುರಂಗ’ ಎಂದು ಬರೆದರೆ ಉತ್ತರ ಸರಿಯೋ ತಪ್ಪೋ? ಊರಿನ ಶಿಕ್ಷಕರಾದರೆ ನಕ್ಕು ಅಂಕ ಕೊಟ್ಟಾರು. ಕೀ ಉತ್ತರವನ್ನು ನೋಡಿ ತಿದ್ದುವವರು ಕೆಂಪು ಗೀರು ಎಳೆದಾರು.

ಅದೇ ತಾಲ್ಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದರು. ಹಗಲು ತೋಟದ ಕೂಲಿ, ಮಿಕ್ಕ ಹೊತ್ತಿನಲ್ಲಿ ಸುರಂಗ. ಒಂದಾದ ಮೇಲೊಂದು ಸುರಂಗದಲ್ಲಿ ನೀರು ಸಿಗದೆ ಹೋದಾಗ ಜನ ನಕ್ಕರು. ಕೊನೆಗೆ ನೀರು ಬಂತು, ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಶಾಲೆಗಳು ಅವರನ್ನು ಕರೆದು ಹಾರ ಹಾಕಿದವು. ಅವರು ಶಾಲೆಗೆ ಹೋದವರಲ್ಲ. ಅವರ ಪಕ್ಕದಲ್ಲಿ ನಾನು ಯಾವಾಗಲೂ ಹರೇಕಳ ಹಾಜಬ್ಬರನ್ನು ನೆನೆಯುತ್ತೇನೆ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶೀಯರೊಬ್ಬರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಉತ್ತರಿಸಲಾಗದ ಸಂಕಟದಿಂದ ಅವರು ತಮ್ಮೂರಿನ ಮಕ್ಕಳಿಗಾಗಿ ಶಾಲೆ ಕಟ್ಟಿಸಲು ಹೊರಟರು. ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಶಾಲೆಯ ಹೊರಗುಳಿದ ಇಬ್ಬರು: ಒಬ್ಬರು ಶಾಲೆ ಕಲಿಸದ ವಿದ್ಯೆಯಿಂದ ಗುಡ್ಡೆಯಿಂದ ನೀರು ತೆಗೆದರು, ಇನ್ನೊಬ್ಬರು ಶಾಲೆ ಇಲ್ಲದಿರುವುದು ಎಂತಹ ಅವಮಾನವೆಂದು ಅರಿತು ಶಾಲೆಯನ್ನೇ ಕಟ್ಟಿದರು. ಇಬ್ಬರ ಮಾತೂ ನಿಜ. ಶಾಲೆ ಬೇಡವೆನ್ನುವವರಿಗೆ ಹಾಜಬ್ಬರು ಉತ್ತರ. ಶಾಲೆಯೊಂದೇ ಸಾಕೆನ್ನುವವರಿಗೆ ನಾಯ್ಕರು ಉತ್ತರ. ಬೆಳ್ತಂಗಡಿಯ ಮಿತ್ತಬಾಗಿಲಿನಲ್ಲಿ ನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದ ಬಿ.ಕೆ. ದೇವರಾಯರ ಗದ್ದೆಯೂ ಒಂದು ತರಗತಿಯೇ. ಆದರೆ ಅಲ್ಲಿ ಹಾಜರಿ ಪುಸ್ತಕವಿಲ್ಲ.

ಮೂಡಬಿದಿರೆ ಈಗ ರಾಜ್ಯದ ನಾನಾ ಕಡೆಗಳಿಂದ ವಿದ್ಯಾರ್ಥಿಗಳು ಬಂದು ಸೇರುವ ಊರು. ಸಾವಿರ ಕಂಬದ ಬಸದಿಯ ಊರು ಎನ್ನುತ್ತಿದ್ದ ಕಾಲ ಹೋಗಿ ಸಾವಿರ ಅಂಕಪಟ್ಟಿಗಳ ಊರು ಎನ್ನುವ ಕಾಲ ಬಂದಿದೆ. ಫಲಿತಾಂಶದ ದಿನ ರಸ್ತೆಯ ಇಕ್ಕೆಲಗಳಲ್ಲಿ ಮಕ್ಕಳ ಮುಖಗಳಿರುವ ಫ್ಲೆಕ್ಸ್‌ಗಳು ಏಳುತ್ತವೆ. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ 2023ರಲ್ಲಿಯೂ 2024ರಲ್ಲಿಯೂ ರಾಜ್ಯಕ್ಕೆ ಮೊದಲಿಗನಾಯಿತು. 2025ರಲ್ಲಿ ಉಡುಪಿ ಮೊದಲು, ನಾವು ಎರಡನೆಯವರು. ಇದು ಶಿಕ್ಷಕರ ದುಡಿಮೆಯ ಫಲ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಫ್ಲೆಕ್ಸಿನಲ್ಲಿ ಮುಖವಿಲ್ಲದ ಮಕ್ಕಳು ಅದರ ಕೆಳಗೆ ಬಸ್ಸಿಗೆ ಕಾಯುತ್ತಾ ಏನು ಕಲಿಯುತ್ತಾರೆ? ಮುಖವಿದ್ದವರಿಗೂ ಅದು ಕಲಿಸುವ ಪಾಠವಿದೆ. ಬೆಂಗಳೂರು, ಅದರಾಚೆ ವಿದೇಶ, ಹೀಗೆ ಎಲ್ಲ ಬಾಣಗಳೂ ಊರಿನಿಂದ ಹೊರಕ್ಕೇ ತೋರಿಸುತ್ತವೆ. ಶಾಲೆಯಲ್ಲಿ ಗೆದ್ದ ಮಗುವಿನ ಲಕ್ಷಣ ಊರು ಬಿಟ್ಟಿರುವುದು, ಊರಿನಲ್ಲಿ ಉಳಿದವನು ಸೋತವನು. ಈ ಒಂದು ಪಾಠ ನಮ್ಮ ಗುಡ್ಡಗಾಡಿಗೆ ಮಾಡಿದಷ್ಟು ಹಾನಿಯನ್ನು ಕಾಡ್ಗಿಚ್ಚೂ ಮಾಡಿರಲಾರದು. ಯಾಕೆಂದರೆ ಕೊಳೆರೋಗದ ಜೊತೆ, ಕಾಡುಹಂದಿಯ ಜೊತೆ, ಕಚೇರಿಯ ಜೊತೆ ಸೆಣಸಬೇಕಾದ ಚುರುಕು ತಲೆಗಳನ್ನೆಲ್ಲ ಆಯ್ದು ಆಯ್ದು ಬಸ್ಸು ಹತ್ತಿಸಿ ಕಳುಹಿಸಿದ್ದೇವೆ. ಉಳಿದವರಿಗೆ ತಾವು ಉಳಿದದ್ದೇ ಕೀಳರಿಮೆ.

ಎಲ್ಲಕ್ಕಿಂತ ಆಳಕ್ಕಿಳಿಯುವುದು ಸುಮ್ಮನಿರುವ ಪಾಠ. ನಮ್ಮ ಶಾಲೆಗಳಲ್ಲಿ ಒಳ್ಳೆಯ ಮಗುವೆಂದರೆ ಗಲಾಟೆ ಮಾಡದ ಮಗು. ಮಾಸ್ತರರು ಹೊರಗೆ ಹೋದಾಗ ಮಾತನಾಡಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವುದು ನಾಯಕನ ಕೆಲಸ. ನಾಯಕತ್ವದ ಮೊದಲ ಕಲ್ಪನೆಯೇ ಜೊತೆಯವರ ಮೇಲೆ ಚಾಡಿ! ಕೊಕ್ಕಡದ ಸುತ್ತಮುತ್ತ ಗೇರು ತೋಟಗಳ ಮೇಲೆ ವರ್ಷಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಆ ಊರುಗಳಲ್ಲಿ ಶಾಲೆಗಳಿದ್ದವು, ವಿಜ್ಞಾನದ ಪಾಠಗಳಿದ್ದವು, ಕೀಟನಾಶಕವೆಂದರೇನೆಂದು ಪರೀಕ್ಷೆಯಲ್ಲಿ ಬರೆಯಬಲ್ಲವರಿದ್ದರು. ಮೇಲಿನಿಂದ ಬೀಳುವುದನ್ನು ಮೇಲಿನವರೇ ಬಲ್ಲರು ಎಂಬ ನಂಬಿಕೆ ಮಾತ್ರ ಎಲ್ಲ ವಿಜ್ಞಾನಕ್ಕಿಂತ ಗಟ್ಟಿಯಾಗಿತ್ತು. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಅವರಂತಹ ಕೆಲವರು ‘ಇದೇನು?’ ಎಂದು ಕೇಳಿದರು. ಆ ಪ್ರಶ್ನೆ ಸುಪ್ರೀಂ ಕೋರ್ಟನ್ನು ತಲುಪಿ 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ನಿಷೇಧ ಬರುವಾಗ ನಮ್ಮ ಹಲವು ಮನೆಗಳಲ್ಲಿ ನೆಲದ ಮೇಲಿಂದ ಏಳಲಾರದ ಮಕ್ಕಳು ಬೆಳೆದು ದೊಡ್ಡವರಾಗಿದ್ದರು. ಕೊಕ್ಕಡದ ಶಿಕ್ಷಕರನ್ನು ನಾನು ಹಳಿಯುತ್ತಿಲ್ಲ. ಅವರೂ ನನ್ನಂತೆ, ನಿಮ್ಮಂತೆ, ಕೈಕಟ್ಟಿ ಕೂರುವುದನ್ನು ಮೊದಲ ಪಾಠವಾಗಿ ಕಲಿತವರು.

2019ರ ಆಗಸ್ಟ್ 9ರಂದು ದಿಡುಪೆ, ಚಾರ್ಮಾಡಿ, ಮಿತ್ತಬಾಗಿಲುಗಳ ಮೇಲೆ ಗುಡ್ಡೆ ಜರಿದು, ತೋಟಗಳಲ್ಲಿ ಮರದ ದಿಮ್ಮಿಗಳೂ ಮರಳೂ ತುಂಬಿದಾಗ ಶಾಲೆಗಳಿಗೆ ರಜೆ ಸಾರಲಾಯಿತು. ಶಾಲೆ ಮತ್ತೆ ತೆರೆದಾಗ ಪಾಠ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು, ಬಾಕಿಯಾದ ಅವಧಿಯನ್ನು ಶನಿವಾರ ಮಧ್ಯಾಹ್ನ ತುಂಬಿಸಿದರು. ಜರಿದ ಗುಡ್ಡೆ ಕಿಟಕಿಯಲ್ಲಿ ಕೆಂಪಗೆ ಕಾಣುತ್ತಿತ್ತು. ಅದನ್ನು ತೋರಿಸಿ ‘ಇದು ಏಕೆ ಜರಿಯಿತು?’ ಎಂದು ಕೇಳಿದ ಶಿಕ್ಷಕರು ಎಷ್ಟು ಮಂದಿಯೋ! ಕೇಳಿದವರು ಇದ್ದಾರೆ, ಅವರಿಗೆ ನನ್ನ ನಮಸ್ಕಾರ.

ಮಾಡಬೇಕಾದುದೇನು ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಹೊಸ ಪಠ್ಯ ಬೇಕಾಗಿಲ್ಲ, ಇರುವುದೇ ಭಾರ. ಪ್ರತಿ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ, ಅದರಲ್ಲಿ ನಾವೇ ಪೋಷಕರಾಗಿ ಕುಳಿತಿದ್ದೇವೆ. ಕಟ್ಟಡದ ಬಣ್ಣ, ವಾರ್ಷಿಕೋತ್ಸವದ ಲೆಕ್ಕ ಇವೆರಡರ ನಡುವೆ ಕೆಲವು ಸಣ್ಣ ಪ್ರಶ್ನೆಗಳನ್ನು ಅಲ್ಲಿ ಇಡಬಹುದು. ತಡವಾಗಿ ಬಂದ ಮಗುವಿನ ಮನೆ ಎಷ್ಟು ದೂರ? ಗುಡಿಸುವ ಸರದಿಯಲ್ಲಿ ಯಾರ ಹೆಸರಿಲ್ಲ? ಅಡುಗೆಯವರನ್ನು ಮಕ್ಕಳು ಯಾವ ಹೆಸರಿನಿಂದ ಕರೆಯುತ್ತಾರೆ? ವಾರ್ಷಿಕೋತ್ಸವದ ವೇದಿಕೆಗೆ ದಾನಿಗಳ ಜೊತೆ ಊರಿನ ಒಬ್ಬ ಸುರಂಗ ಕೊರೆಯುವವರನ್ನು, ಒಬ್ಬ ನಾಟಿವೈದ್ಯರನ್ನು ಕೂರಿಸಲಾದೀತೇ?

ಕುಂದಾಪುರ ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿ 1990ರ ದಶಕದಲ್ಲಿಯೇ ಮಕ್ಕಳ ಪಂಚಾಯಿತಿಗಳು ನಡೆದಿದ್ದವು. ಈಗ ರಾಜ್ಯದ ಎಲ್ಲೆಡೆ ಮಕ್ಕಳ ಗ್ರಾಮಸಭೆ ನಡೆಯಬೇಕೆಂಬ ನಿಯಮವಿದೆ. ನಮ್ಮ ಕಡೆಯ ಅಂತಹ ಒಂದು ಸಭೆಗೆ ನಾನು ಹೋಗಿದ್ದೆ. ಮಕ್ಕಳೆಲ್ಲ ಶಿಕ್ಷಕರು ಬರೆದುಕೊಟ್ಟ ಚೀಟಿ ಹಿಡಿದು ಬಂದಿದ್ದರು. ‘ಮಾನ್ಯ ಅಧ್ಯಕ್ಷರೇ, ನಮ್ಮ ಶಾಲೆಗೆ ಆವರಣ ಗೋಡೆಯನ್ನು ಒದಗಿಸಿಕೊಡಬೇಕಾಗಿ ವಿನಂತಿ.’ ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಚೀಟಿಯನ್ನು ಓದಿ ಮುಗಿಸಿ ಕುಳಿತುಕೊಳ್ಳುವ ಬದಲು ನಿಂತೇ ಇದ್ದಳು. ಆಮೇಲೆ ತುಳುವಿನಲ್ಲಿ, ತುಸು ನಡುಗುವ ಸ್ವರದಲ್ಲಿ, ಶಾಲೆಯ ಶೌಚಾಲಯಕ್ಕೆ ನೀರು ಬಾರದ ದಿನ ತೋಡಿನಿಂದ ನೀರು ಹೊರುವುದು ಹುಡುಗಿಯರೇ ಯಾಕೆ ಎಂದು ಕೇಳಿದಳು. ಸಭೆಯಲ್ಲಿ ನಗು ಎದ್ದಿತು. ಶಿಕ್ಷಕಿಯ ಮುಖ ಕೆಂಪಾಯಿತು. ಅಧ್ಯಕ್ಷರು ಒಂದು ಕ್ಷಣ ಸುಮ್ಮನಿದ್ದು, ತುಳುವಿನಲ್ಲಿಯೇ, “ಆಯಿತು ಮಗಾ, ಪೈಪಿಗೆ ಈ ಸಲವೇ ಇಡೋಣ” ಎಂಬರ್ಥದ ಉತ್ತರ ಕೊಟ್ಟರು. ಹುಡುಗಿ, ತಾನು ಕೇಳಿದ್ದು ಪೈಪಿನ ವಿಷಯವಲ್ಲ ಎಂದು ಹೇಳಿ ಕುಳಿತಳು. ಕಾರ್ಯದರ್ಶಿಯವರ ಪೆನ್ನು ಪುಸ್ತಕದ ಮೇಲೆ ನಿಂತಿತ್ತು. ಏನೆಂದು ಬರೆಯುವುದೆಂದು ಅವರು ಪಕ್ಕದವರನ್ನು ಕೇಳುತ್ತಿದ್ದರು.